ಚಿಗಟೇರಿ ಕಾರಿನ ಹಳದಿ ದೀಪ

ಗ್ಯಾರೇಜಿನ ಶಟರ್ ಎಳೆದು ಒಂದೂವರೆ ವರ್ಷವಾಯಿತು. ಮೊಣಕಾಲು ಎರಡೂ ಸವೆದಿವೆ, ಕತ್ತು ಎಡಕ್ಕೆ ಹೊರಳುವುದಿಲ್ಲ. ಉಗುರಿನ ಸಂದಿಯ ಕಪ್ಪು ಮಾತ್ರ ಎಷ್ಟು ತಿಕ್ಕಿದರೂ ಹೋಗಿಲ್ಲ. ಹರಪನಹಳ್ಳಿಯಲ್ಲಿ ನನ್ನನ್ನು ಬಾಷಾ ಸಾಬ್ರು ಅನ್ನುತ್ತಾರೆ. ಕಾರು ರಿಪೇರಿ ಮಾಡಿಕೊಂಡು ನಲವತ್ತೆರಡು ವರ್ಷ ಕಳೆದೆ. ಹೋದ ತಿಂಗಳು ಪರಿಚಯದ ಐಟಿಐ ಮಾಸ್ತರರೊಬ್ಬರು ಮನೆಗೆ ಬಂದು, "ಸಾಬ್ರ, ಈ ಕೆಲಸಕ್ಕ ಬರೋ ಹುಡುಗ್ರಿಗೆ ನಿಮ್ಮ ಅನುಭವ ನಾಕು ಮಾತು ಬರ್ದು ಕೊಡ್ರಿ" ಅಂದರು. ಸ್ಪ್ಯಾನರ್ ಹಿಡಿದ ಕೈಗೆ ಪೆನ್ನು ಕೊಟ್ಟರೆ ಏನು ಬಂದೀತು ಎಂದೆ. ಅವರು ಬಿಡಲಿಲ್ಲ.

ಹುಡುಗರೇ, ಮೊದಲೇ ಹೇಳಿಬಿಡುತ್ತೇನೆ. ನಾನು ಯಾವ ಕಾರನ್ನು ಎಷ್ಟು ಬೇಗ ಸರಿಮಾಡಿದೆ ಎಂಬ ಬಡಾಯಿ ಇಲ್ಲಿಲ್ಲ. ಸರಿಯಾದ ಕಾರುಗಳು ನೆನಪಿನಲ್ಲಿ ಉಳಿಯುವುದಿಲ್ಲ, ಸರಿಯಾಗಿ ಹೊರಟು ಹೋಗುತ್ತವೆ. ಉಳಿಯುವವು ತಪ್ಪಿದ ಕಾರುಗಳು. ಅದರಲ್ಲೂ ನಿಮ್ಮನ್ನು ಹೆಚ್ಚು ಗೋಳುಹೊಯ್ದುಕೊಳ್ಳುವುದು ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಬರುತ್ತದಲ್ಲ, ಅದು. ಹತ್ತಿಕೊಂಡೇ ಇದ್ದರೆ ಚಿಂತೆಯಿಲ್ಲ, ಹುಡುಕಬಹುದು. ಒಮ್ಮೆ ಹತ್ತಿ ಒಮ್ಮೆ ಆರಿದರೆ ಮಾತ್ರ ನಿಮ್ಮ ನಿದ್ದೆಯೂ ಹೋಯಿತು, ಊಟವೂ ಹೋಯಿತು.

ನಾನು ಕೆಲಸ ಕಲಿತದ್ದು ಕೊಟ್ಟೂರಿನಲ್ಲಿ, ತಗಡಿನ ಶೆಡ್ಡೊಂದರಲ್ಲಿ. ಆಗ ಕಾರಿನಲ್ಲಿ ದೀಪವೂ ಇರಲಿಲ್ಲ, ಕಂಪ್ಯೂಟರೂ ಇರಲಿಲ್ಲ. ನನ್ನ ಉಸ್ತಾದರು ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿನ ಮೇಲಿಟ್ಟು ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಆ ಹೊತ್ತಿನಲ್ಲಿ ಯಾರಾದರೂ ಕೆಮ್ಮಿದರೂ ಬೈಗುಳ. ಕಣ್ಣು ತೆರೆದು "ಮೂರನೇ ವಾಲ್ವು" ಅಂದರೆ ಮೂರನೇ ವಾಲ್ವೇ. ನನಗೂ ಕಿವಿ ಕೊಡುತ್ತಿದ್ದರು. ನನಗೆ ಬರೀ ಗಡಗಡ ಕೇಳುತ್ತಿತ್ತು. ಮೂರು ವರ್ಷ ಕೇಳಿದ ಮೇಲೆ ಆ ಗಡಗಡದಲ್ಲಿ ಬೇರೆಬೇರೆ ದನಿಗಳಿವೆ ಎಂದು ತಿಳಿಯಿತು.

ಅವರು ಒಂದು ಮಾತು ಹೇಳುತ್ತಿದ್ದರು: "ಗಾಡಿ ಸುಳ್ಳು ಹೇಳಂಗಿಲ್ಲಲೇ ಬಾಷಾ, ಗಾಡಿ ತಂದವ ಹೇಳ್ತಾನ." ಬಾಡಿಗೆಗೆ ಓಡಿಸಿ ಎಂಜಿನ್ ಸುಟ್ಟವನು "ಮನೀ ಮುಂದ ನಿಂತಿತ್ರಿ, ಹಂಗ ಆತು" ಅನ್ನುತ್ತಾನೆ. ಕೆರೆಗೆ ಇಳಿಸಿ ತೊಳೆದವನು "ಮಳಿ ಬಂದಿತ್ತಲ್ರೀ" ಅನ್ನುತ್ತಾನೆ. ಅದಕ್ಕೇ ನಾನು ಜನರ ಮಾತಿಗೆ ಕಿವಿ ಕೊಡದೆ ಎಂಜಿನ್ನಿಗೆ ಮಾತ್ರ ಕಿವಿ ಕೊಡುವುದನ್ನು ರೂಢಿಸಿಕೊಂಡೆ. ಅದು ಅರ್ಧ ಮಾತ್ರ ಸರಿ ಎಂದು ತಿಳಿಯುವ ಹೊತ್ತಿಗೆ ನನಗೆ ಅರವತ್ತು ದಾಟಿತ್ತು.

ಹಳದಿ ದೀಪದ ಕಾರುಗಳು ನಮ್ಮ ಕಡೆ ಬರಲು ಶುರುವಾದಾಗ ನನಗೆ ಹೆದರಿಕೆಯಾಯಿತು ಎಂದು ಹೇಳಿಕೊಳ್ಳಲು ಈಗ ನಾಚಿಕೆಯೇನಿಲ್ಲ. ಹೂವಿನಹಡಗಲಿಯ ಮಲ್ಲಿಗೆ ವ್ಯಾಪಾರಿಯೊಬ್ಬರು ಅಂಥ ಕಾರು ತಂದರು. ಬುಟ್ಟಿಗಳ ತೇವದಿಂದ ಕಾರಿನೊಳಗೆ ಗಮ್ಮೆಂದು ವಾಸನೆ. "ಸಾಬ್ರ, ಈ ಲೈಟು ನೋಡಿ ನೋಡಿ ತಲಿ ಕೆಟ್ಟೈತಿ, ಆರಿಸಿ ಕೊಡ್ರಿ" ಅಂದರು. ನನಗೆ ಅದರ ಗಂಧಗಾಳಿ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಮನಸ್ಸು ಬರಲಿಲ್ಲ. ಮೀಟರ್ ಬಿಚ್ಚಿ ಆ ದೀಪದ ಬಲ್ಬನ್ನೇ ಕಿತ್ತು ಕೊಟ್ಟುಬಿಟ್ಟೆ. ಅವರು ಖುಷಿಯಾಗಿ ಹೋದರು. ಎರಡು ತಿಂಗಳಿಗೆ ಅದೇ ಕಾರನ್ನು ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆದುಕೊಂಡು ಬಂದರು. ಪಿಸ್ಟನ್ ಸುಟ್ಟು ಹೋಗಿತ್ತು. ಅವರು ಬೈಯಲಿಲ್ಲ, ನನ್ನನ್ನು ನಂಬಿ ಮತ್ತೆ ನನ್ನ ಹತ್ತಿರವೇ ತಂದಿದ್ದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು. ಬಲ್ಬು ಕಿತ್ತದ್ದನ್ನು ಅವರಿಗೆ ಹೇಳಿ, ಕೆಲಸ ನಾನೇ ಮಾಡಿಕೊಟ್ಟೆ.

ಆಮೇಲೆ ದಾವಣಗೆರೆಗೆ ಹೋಗಿ ಎರಡು ದಿನದ ತರಬೇತಿ ಪಡೆದು ಸ್ಕ್ಯಾನರ್ ತಂದೆ. ಅಲ್ಲಿ ಕಲಿಸಿದ ಹುಡುಗ ನನ್ನ ಮಗನ ವಯಸ್ಸಿನವನು, ಬಿಳಿ ಅಂಗಿ, ಒಂದು ಕಲೆಯಿಲ್ಲ. ತಂತಿ ಚುಚ್ಚಿದರೆ ಸ್ಕ್ಯಾನರ್ ಒಂದು ನಂಬರ್ ಕೊಡುತ್ತದೆ, ನಂಬರಿಗೆ ತಕ್ಕ ಸಾಮಾನು ಬದಲಿಸಿ ಎಂದ. ನಾನೂ ಹಾಗೇ ಮಾಡಿದೆ. ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂಬಂತೆ, ಸ್ಕ್ಯಾನರ್ ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತ ಎಷ್ಟು ಒಳ್ಳೆಯ ಸೆನ್ಸರುಗಳನ್ನು ಕಿತ್ತು ಎಸೆದೆನೋ. ಸ್ಕ್ಯಾನರ್ ಹೇಳುವುದು ಎಲ್ಲಿ ನೋವಾಗಿದೆ ಎಂದು ಮಾತ್ರ. ಯಾಕೆ ಎಂದು ಹೇಳುವುದಿಲ್ಲ.

ತಂಬ್ರಹಳ್ಳಿಯಿಂದ ಒಬ್ಬರ ಕಾರು ಬರುತ್ತಿತ್ತು. ವರ್ಷಕ್ಕೊಮ್ಮೆ ದೀಪ ಹತ್ತಿ, ವಾರ ಉರಿದು, ತಾನಾಗಿ ಆರುತ್ತಿತ್ತು. ಮೂರು ವರ್ಷ ನಾನು ಏನೇನೋ ಬದಲಿಸಿದೆ. ನಾಲ್ಕನೇ ವರ್ಷ ಅವರು ಬಂದಾಗ ಕಾರಿಗೆ ಹಾಕಿದ ಚೆಂಡು ಹೂವಿನ ಮಾಲೆ ಇನ್ನೂ ಬಾಡಿರಲಿಲ್ಲ. ಆಯುಧಪೂಜೆಯ ಮುಂಜಾನೆ ಬಾನೆಟ್ ತೆರೆದು, ಹೊಲದ ಪಂಪ್‌ಸೆಟ್ಟಿನ ಪೈಪು ಹಿಡಿದು ಎಂಜಿನ್ನಿಗೆ ಅಭಿಷೇಕ ಮಾಡುತ್ತಿದ್ದರಂತೆ. ನೀರು ಸ್ಪಾರ್ಕ್ ಪ್ಲಗ್ಗಿನ ಗುಂಡಿಯಲ್ಲಿ ನಿಂತು ಒಣಗುವವರೆಗೆ ದೀಪ. "ದೇವರಿಗೆ ಒದ್ದಿ ಬಟ್ಟಿಲೆ ಒರಸಿದ್ರ ಸಾಲದೇನ್ರಿ?" ಅಂದೆ. "ಅಷ್ಟರಾಗ ಮೈ ತೊಳದಂಗ ಆಗತೈತೇನ್ರಿ?" ಎಂದು ನನ್ನನ್ನೇ ಕೇಳಿದರು.

ಇವೆಲ್ಲ ನಗುವ ಕಥೆಗಳು. ಈಗ ಬರೆಯುವುದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಚಿಗಟೇರಿಯ ಕೊಟ್ರಪ್ಪನವರು ಕರೆಂಟ್ ಲೈನ್‌ಮನ್ ಆಗಿ ನಿವೃತ್ತರಾದವರು. ಅವರ ಹೆಂಡತಿ ನೀಲಮ್ಮನವರಿಗೆ ಎರಡೂ ಮೂತ್ರಪಿಂಡ ಕೆಟ್ಟು, ವಾರಕ್ಕೆ ಎರಡು ಸಲ, ಸೋಮವಾರ ಮತ್ತು ಗುರುವಾರ, ಹರಪನಹಳ್ಳಿಗೆ ಡಯಾಲಿಸಿಸ್‌ಗೆ ಬರಬೇಕಿತ್ತು. ಬಸ್ಸಿನಲ್ಲಿ ಹೋಗುವುದೇನೋ ಆಗುತ್ತಿತ್ತು. ಮೆಷಿನ್ನಿನಿಂದ ಎದ್ದ ಮೇಲೆ ಬಸ್ಸಿನಲ್ಲಿ ನಿಂತು ಬರಲು ಅವರಿಂದ ಆಗುತ್ತಿರಲಿಲ್ಲ. ಅದಕ್ಕಾಗಿ ಕೊಟ್ರಪ್ಪನವರು ಹದಿನಾರು ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರೊಂದನ್ನು ಕೊಂಡರು. ಆ ಕಾರು ನಿಂತರೆ ಆ ಹೆಂಗಸಿನ ಚಿಕಿತ್ಸೆ ನಿಲ್ಲುತ್ತಿತ್ತು. ಇದು ನನಗೆ ಮೊದಲ ದಿನದಿಂದಲೂ ಗೊತ್ತಿತ್ತು.

ನಾಲ್ಕು ತಾಸು ನೀಲಮ್ಮನವರು ಮೆಷಿನ್ನಿನ ಮೇಲಿದ್ದಾಗ ಕೊಟ್ರಪ್ಪನವರು ಕಾರನ್ನು ನನ್ನ ಗ್ಯಾರೇಜಿನಲ್ಲಿ ಬಿಟ್ಟು ಆಸ್ಪತ್ರೆಗೆ ನಡೆದು ಹೋಗುತ್ತಿದ್ದರು.

"ಸಾಬ್ರ, ಹಳದಿ ಲೈಟು ಹತ್ತತೈತಿ. ಹತ್ತಿದಾಗ ಗಾಡಿ ಎಳಿಯಂಗಿಲ್ಲ, ಮುಕ್ಕರೀತೈತಿ."

"ಯಾವಾಗ ಹತ್ತತೈತ್ರಿ?"

"ಊರಿಗೆ ವಾಪಸ್ ಹೋಗೋವಾಗ. ಬರೋವಾಗ ಏನೂ ಇಲ್ಲ."

ನಾನು ನಕ್ಕೆ. ಕಾರಿಗೆ ಹೋಗುವುದು ಬರುವುದು ಗೊತ್ತಾಗುತ್ತದೆಯೇ? ಮಧ್ಯಾಹ್ನದ ಬಿಸಿಲಿಗೆ ಎಂಜಿನ್ ಕಾದು ಹೀಗಾಗುತ್ತಿರಬೇಕು ಎಂದುಕೊಂಡೆ. ಮನೆಗೆ ಹೋದ ಮೇಲೆ ಅವರು ಊರೊಳಗೆ ನಾಲ್ಕಾರು ಸಲ ಓಡಾಡುವಷ್ಟರಲ್ಲಿ ದೀಪ ಆರಿರುತ್ತಿತ್ತು. ಹೀಗಾಗಿ ನನ್ನ ಹತ್ತಿರ ಬಂದಾಗ ಕಾರು ಸಾಚಾ. ಸ್ಕ್ಯಾನರಿನ ನೆನಪಿನಲ್ಲಿ ಮಾತ್ರ ಒಂದು ನಂಬರ್ ಉಳಿದಿರುತ್ತಿತ್ತು: ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ. ನಾನು ಪೆಟ್ರೋಲ್ ಫಿಲ್ಟರ್ ಬದಲಿಸಿದೆ. ಇಂಜೆಕ್ಟರ್ ತೊಳೆದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಗಾಳಿಯ ಪೈಪುಗಳನ್ನೆಲ್ಲ ಬಿಚ್ಚಿ ಜೋಡಿಸಿದೆ. ಪ್ರತಿ ಸಲವೂ ಕಾರನ್ನು ಕೊಟ್ಟೂರು ರಸ್ತೆಯಲ್ಲಿ ಜೋರಾಗಿ ಓಡಿಸಿ ತಂದೆ. ಏನೂ ಇಲ್ಲ. ಪ್ರತಿ ಸಲವೂ ಅವರು ಬಂದು ಅದೇ ಮಾತು: "ವಾಪಸ್ ಹೋಗೋವಾಗ ಹತ್ತಿತ್ರಿ."

ಕೊನೆಗೆ ಹೊಗೆಯ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರನ್ನು ಬದಲಿಸಿದೆ. ಮುಂದಿನ ಗುರುವಾರ ಕೊಟ್ರಪ್ಪನವರು ಬಂದು, "ಹತ್ತಲಿಲ್ರಿ ಸಾಬ್ರ" ಅಂದರು. ಅದರ ಮುಂದಿನ ಸೋಮವಾರ, ಗುರುವಾರವೂ ಹತ್ತಲಿಲ್ಲ. "ಆಗಾಗ ಗಾಡಿ ಸ್ವಲ್ಪ ಮುಕ್ಕರೀತೈತಿ, ಆದ್ರ ಲೈಟಿಲ್ಲ" ಅಂದರು. ಹಳೆಯ ಎಂಜಿನ್, ಅಷ್ಟು ಇರುತ್ತದೆ ಬಿಡಿ ಎಂದೆ. ಸ್ಕ್ಯಾನರ್ ಚುಚ್ಚುವ ಗೋಜಿಗೂ ಹೋಗಲಿಲ್ಲ. ಚಹಾದಂಗಡಿಯಲ್ಲಿ ಕೂತು, ಸಿಗದ ರೋಗ ಹೇಗೆ ಹಿಡಿದೆ ಎಂದು ನಾಲ್ಕು ಜನರಿಗೆ ಹೇಳಿದೆ.

ಮೂರನೇ ವಾರದ ಗುರುವಾರ ಮಧ್ಯಾಹ್ನ ಕಾರು ಚಿಗಟೇರಿ ದಾರಿಯ ಏರಿನಲ್ಲಿ ನಿಂತುಬಿಟ್ಟಿತು. ಬೇಸಿಗೆ, ಸುತ್ತ ಒಂದು ಮರವಿಲ್ಲ. ಡಯಾಲಿಸಿಸ್ ಆದ ಮೈಗೆ ಮೊದಲೇ ಬಿ.ಪಿ. ಇಳಿದಿರುತ್ತದೆ. ಮುಕ್ಕಾಲು ಗಂಟೆ ಕಾಯುವಷ್ಟರಲ್ಲಿ ನೀಲಮ್ಮನವರಿಗೆ ಎಚ್ಚರ ತಪ್ಪಿತು. ಹಾಲಿನ ವ್ಯಾನಿನವನು ಕ್ಯಾನುಗಳನ್ನು ಸರಿಸಿ ಮಲಗಿಸಿಕೊಂಡು ಆಸ್ಪತ್ರೆಗೆ ವಾಪಸ್ ತಂದ. ಎರಡು ದಿನ ಅಲ್ಲೇ ಇದ್ದರು.

ಮರುದಿನ ಆ ಕಾರು ಮೊದಲ ಕೀಲಿಗೇ ಸ್ಟಾರ್ಟ್ ಆಯಿತು. ಕೊಟ್ರಪ್ಪನವರು ಅದನ್ನು ಗ್ಯಾರೇಜಿಗೆ ತಂದು ನಿಲ್ಲಿಸಿ ಕೀಲಿಯನ್ನು ನನ್ನ ಮುಂದಿಟ್ಟರು.

"ಸಾಬ್ರ, ನಿಮಗ ಆಗಲಿಲ್ಲಂದ್ರ ಆಗಲಿಲ್ಲ ಅಂತ ಹೇಳಿಬಿಡ್ರಿ. ನಾನು ಮಾರಿ ಬಿಡ್ತೀನಿ. ಸೋಮವಾರ ಆಕಿನ್ನ ಯಾವದರಾಗ ಕರಕೊಂಡು ಬರಬೇಕು ಅಂತ ಇವತ್ತ ನಂಗ ಗೊತ್ತಾಗಬೇಕು."

ನನಗೆ ಆಗಲಿಲ್ಲ ಎಂದು ಹೇಳಬೇಕಿತ್ತು. ಹೂವಿನ ವ್ಯಾಪಾರಿಗೂ ಹೇಳಿರಲಿಲ್ಲ, ಇವರಿಗೂ ಹೇಳಲಿಲ್ಲ. ಆದರೆ ಆ ದಿನ ಒಂದು ಬುದ್ಧಿ ಬಂತು. ಇಷ್ಟು ದಿನ ನಾನು ಬರೀ ಕಾರನ್ನು ನೋಡಿದ್ದೆ. ಕಾರಿನಲ್ಲಿ ಅವರು ಹೇಗೆ ಹೋಗುತ್ತಾರೆ ಎಂದು ನೋಡಿರಲಿಲ್ಲ. "ಸೋಮವಾರ ವಾಪಸ್ ಹೋಗೋವಾಗ ನಾನೂ ಬರ್ತೀನ್ರಿ" ಅಂದೆ.

ಸೋಮವಾರ ಮಧ್ಯಾಹ್ನ ಸ್ಕ್ಯಾನರ್ ಚುಚ್ಚಿ, ಅದರ ಉದ್ದನೆಯ ತಂತಿಯನ್ನು ಎಳೆದುಕೊಂಡು, ರಿಪೇರಿ ಸಾಮಾನಿನ ಚೀಲದ ಜೊತೆ ಹಿಂದಿನ ಸೀಟಿನಲ್ಲಿ ಕೂತೆ. ನೀಲಮ್ಮನವರು ಗಂಡನ ಹೆಗಲು ಹಿಡಿದು ಬಂದರು. ಎಡಗೈಗೆ ಪಟ್ಟಿ ಸುತ್ತಿತ್ತು, ತುಟಿಗಳು ಒಣಗಿ ಬಿಳಿಚಿಕೊಂಡಿದ್ದವು. "ಅಣ್ಣಾರು ಯಾಕ ತ್ರಾಸ ತಗೊಂಡ್ರಿ" ಅಂದರು. ಕೊಟ್ರಪ್ಪನವರು ಮುಂದಿನ ಸೀಟನ್ನು ನನ್ನ ಮೊಣಕಾಲಿಗೆ ತಾಗುವವರೆಗೆ ಹಿಂದಕ್ಕೆ ಸರಿಸಿ, ಬೆನ್ನು ವಾಲಿಸಿ, ಮಗುವನ್ನು ಮಲಗಿಸುವ ಹಾಗೆ ಅವರನ್ನು ಮಲಗಿಸಿದರು. ಸೀಟಿನ ಪಕ್ಕಕ್ಕೆ ಒಂದು ಪುಟ್ಟ ಫ್ಯಾನ್ ಕಟ್ಟಿತ್ತು. ಅದರ ಗುಂಡಿ ಒತ್ತಿದರು. ಆ ಫ್ಯಾನನ್ನು ನಾನು ಗ್ಯಾರೇಜಿನಲ್ಲಿ ಎಷ್ಟೋ ಸಲ ನೋಡಿದ್ದೆ. ಫ್ಯಾನಿಗೂ ಎಂಜಿನ್ನಿಗೂ ಏನು ಸಂಬಂಧ ಎಂದು ಕೇಳಿರಲಿಲ್ಲ.

ಊರು ದಾಟಿ ಹತ್ತು ನಿಮಿಷವಾಗಿರಬೇಕು. ಸ್ಕ್ಯಾನರಿನಲ್ಲಿ ಅಂಕಿ ಏರತೊಡಗಿತು. ಪೆಟ್ರೋಲ್ ಸಾಲದು, ಇನ್ನೂ ಕೊಡು, ಇನ್ನೂ ಕೊಡು ಎಂದು ಎಂಜಿನ್ ಬೇಡುತ್ತಿತ್ತು. ಕಾರು ಒಮ್ಮೆ ಮುಕ್ಕರಿಸಿತು. ಸ್ಕ್ಯಾನರಿನ ಮೂಲೆಯಲ್ಲಿ ಎಂಜಿನ್ ದೀಪ ಹತ್ತಿದೆ ಎಂದು ಬಂತು.

"ಕೊಟ್ರಪ್ಪಣ್ಣ, ಲೈಟು ಹತ್ತಿತಲ್ರಿ?"

"ಇಲ್ಲಲ್ರಿ."

ನಾನು ಮುಂದಕ್ಕೆ ಬಗ್ಗಿ ನೋಡಿದೆ. ಮೀಟರಿನ ಗಾಜಿನ ಮೇಲೆ, ಸರಿಯಾಗಿ ಆ ದೀಪ ಬರುವ ಜಾಗದಲ್ಲಿ, ಒಂದು ದಪ್ಪ ಮೆರೂನ್ ಬಿಂದಿ ಅಂಟಿಸಿತ್ತು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಅಮಾವಾಸ್ಯೆಗೆ, ಆಯುಧಪೂಜೆಗೆ ಜನ ಗಾಡಿಯ ಸ್ಟೇರಿಂಗ್, ಮೀಟರ್, ಬಾನೆಟ್ ಎಲ್ಲೆಂದರಲ್ಲಿ ಕುಂಕುಮ ವಿಭೂತಿ ಹಚ್ಚುತ್ತಾರೆ. ನನ್ನ ಉಸ್ತಾದರು ಹಾಕಿದ ಮೊದಲ ಕಟ್ಟಳೆ: ಗ್ರೀಸು ಒರೆಸು, ಎಣ್ಣೆ ಒರೆಸು, ಪೂಜೆಯ ಗುರುತನ್ನು ಮಾತ್ರ ಮುಟ್ಟಬೇಡ. ನಾನು ನಲವತ್ತು ವರ್ಷ ಅದನ್ನು ಪಾಲಿಸಿದ್ದೆ. ಎಷ್ಟು ಪಾಲಿಸಿದ್ದೆ ಎಂದರೆ, ಆ ಗುರುತುಗಳು ನನ್ನ ಕಣ್ಣಿಗೆ ಕಾಣುವುದೇ ನಿಂತಿತ್ತು. ಕೀಲಿ ತಿರುಗಿಸಿದ ಕೂಡಲೇ ಎಲ್ಲ ದೀಪಗಳೂ ಒಮ್ಮೆ ಹತ್ತಬೇಕು. ಹತ್ತದಿದ್ದರೆ ದೀಪವೇ ಕೆಟ್ಟಿದೆ ಅಥವಾ ಯಾರೋ ಮುಚ್ಚಿದ್ದಾರೆ. ಇದು ಈ ಕೆಲಸದ ಅ ಆ ಇ ಈ. ಒಂದು ಕಾಲಕ್ಕೆ ನನ್ನ ಕೈಯಾರೆ ಬಲ್ಬು ಕಿತ್ತವನು ನಾನು. ಮೂರು ವಾರ ಆ ಕಾರಿನ ಕೀಲಿ ತಿರುಗಿಸಿದೆ, ಒಮ್ಮೆಯೂ ದೀಪಗಳನ್ನು ಎಣಿಸಲಿಲ್ಲ. ಹುಡುಗರೇ, ಇದನ್ನು ಓದಿ ನಿಮಗೆ ನಗು ಬಂದರೆ ನಗಿ.

ತಲೆ ಎತ್ತಿದೆ. ಒರಗಿ ಮಲಗಿದ್ದ ನೀಲಮ್ಮನವರು ನನ್ನನ್ನೇ ನೋಡುತ್ತಿದ್ದರು. ಮೆಲ್ಲಗೆ ತಲೆ ಅಲ್ಲಾಡಿಸಿದರು, ಹೇಳಬೇಡಿ ಎಂಬಂತೆ. ನಾನು ಬಾಯಿ ಮುಚ್ಚಿಕೊಂಡೆ.

ಮುಂದೆ ಒಂದು ಬೇವಿನ ಮರ ಬಂತು. ಕಾರು ನಿಲ್ಲಿಸಲು ಹೇಳಿದೆ, ಎಂಜಿನ್ ಆರಿಸಬೇಡಿ ಎಂದೆ. ಏನನ್ನು ಹುಡುಕಬೇಕೆಂದು ಗೊತ್ತಿರಲಿಲ್ಲ. ಆದರೆ ಗ್ಯಾರೇಜಿನಲ್ಲಿ ಇಲ್ಲದ್ದು, ಇಲ್ಲಿ ಇರುವುದು ಏನು? ಮಲಗಿದ ಹೆಂಗಸು, ಹಿಂದಕ್ಕೆ ಸರಿದ ಸೀಟು. "ಅಕ್ಕಾರ, ಸ್ವಲ್ಪ ತ್ರಾಸ ಕೊಡ್ತೀನಿ" ಎಂದು ಸೀಟನ್ನು ಅವರ ಸಮೇತ ಮುಂದಕ್ಕೆ ಸರಿಸಿದೆ. ಅಂಕಿ ಇಳಿಯಿತು. ಹಿಂದಕ್ಕೆ ಸರಿಸಿದೆ, ಏರಿತು. ಮೂರು ಸಲ ನೋಡಿದೆ, ಮೂರು ಸಲವೂ ಅದೇ.

ನೀಲಮ್ಮನವರನ್ನು ಮರದ ನೆರಳಿಗೆ ಕೂರಿಸಿ, ಕಾರಿನ ನೆಲದ ಹಾಸು ಎತ್ತಿದೆ. ಪೆಟ್ರೋಲ್ ಟ್ಯಾಂಕಿನ ಪಂಪಿಗೆ ಹೋಗುವ ತಂತಿ ಆ ಸೀಟಿನ ಕೆಳಗೇ ಹಾಯುತ್ತದೆ. ಯಾರೋ ಅದನ್ನು ನಡುವೆ ಕತ್ತರಿಸಿ, ಎರಡು ತುದಿಗಳ ಜೊತೆ ಫ್ಯಾನಿನ ತಂತಿಯನ್ನೂ ಸೇರಿಸಿ ಹೊಸೆದಿದ್ದರು. ಫ್ಯಾನು ಸೀಟಿಗೆ ಕಟ್ಟಿದ್ದು. ಸೀಟು ಹಿಂದಕ್ಕೆ ಹೋದಾಗಲೆಲ್ಲ ಫ್ಯಾನಿನ ತಂತಿ ಬಿಗಿದು ಆ ಜಾಯಿಂಟನ್ನು ಜಗ್ಗುತ್ತಿತ್ತು. ಜಗ್ಗಿ ಜಗ್ಗಿ ಸಡಿಲವಾಗಿ, ಪಂಪಿಗೆ ಕರೆಂಟ್ ಸಾಲದಾಗುತ್ತಿತ್ತು. ಆಸ್ಪತ್ರೆಗೆ ಬರುವಾಗ ನೀಲಮ್ಮನವರು ನೆಟ್ಟಗೆ ಕೂರುತ್ತಿದ್ದರು, ಸೀಟು ಮುಂದೆಯೇ ಇರುತ್ತಿತ್ತು, ಹಾಗಾಗಿ ದೀಪವಿಲ್ಲ. ಆ ಏರಿನಲ್ಲಿ ಪೂರ್ತಿ ಬಿಟ್ಟುಕೊಂಡಿತ್ತು. ಅವರನ್ನು ಇಳಿಸಿ ಸೀಟು ಮುಂದೆ ಮಾಡಿದಾಗ ಮತ್ತೆ ಕೂಡಿಕೊಂಡಿತ್ತು. ಕೂಸನ್ನು ಕಂಕುಳಲ್ಲಿಟ್ಟುಕೊಂಡು ನಾನು ಊರೆಲ್ಲ ಹುಡುಕಿದ್ದೆ.

"ಯಾವ ಬೇಕೂಫ ಮಾಡ್ಯಾನ್ರಿ ಈ ಜಾಯಿಂಟು?" ಎಂದು ಕೂಗಿಬಿಟ್ಟೆ.

ಪಕ್ಕದಲ್ಲಿ ಕೂತು ನೋಡುತ್ತಿದ್ದ ಕೊಟ್ರಪ್ಪನವರು ಆ ತಂತಿಯನ್ನು ಬೆರಳಿನಲ್ಲಿ ಹಿಡಿದು ಹೊರಳಿಸಿ ನೋಡಿದರು. ಆಮೇಲೆ ನನ್ನ ತೋಳು ಹಿಡಿದು ಕಾರಿನ ಹಿಂದಕ್ಕೆ ಕರೆದುಕೊಂಡು ಹೋದರು.

"ನನ್ನ ಕೈಯಿಂದಾನ ಆಗೈತ್ರಿ. ಮೆಷಿನ್‌ನಿಂದ ಎದ್ದ ಮ್ಯಾಲ ಆಕಿಗೆ ಮೈಯೆಲ್ಲ ಉರೀತೈತಿ, ವಾಂತಿ ಬಂದಂಗ ಆಗತೈತಿ. ಮಾರಿಗೆ ಗಾಳಿ ಬರ್ಲಿ ಅಂತ ಫ್ಯಾನ್ ಹಾಕಿದೆ. ಟೆಸ್ಟರ್ ಇಟ್ಟು ನೋಡಿದೆ, ಆ ವಯರಿನಾಗ ಕರೆಂಟ್ ಇತ್ತು. ಅದು ಪಂಪಿಂದು ಅಂತ ನಂಗೇನ ಗೊತ್ತು." ಮರದ ಕಡೆ ಒಮ್ಮೆ ನೋಡಿ, "ಆಕಿಗೆ ಹೇಳಬ್ಯಾಡ್ರಿ ಸಾಬ್ರ. ಇಲಿ ಕಡದಿತ್ತು ಅನ್ರಿ" ಅಂದರು.

ಸರಿ ಎಂದೆ. ಅವರು ನೀರು ತರಲು ಹತ್ತಿರದ ಹೊಲದ ಪಂಪ್‌ಸೆಟ್ಟಿಗೆ ಹೋದರು. ನಾನು ನೀಲಮ್ಮನವರ ಹತ್ತಿರ ಹೋದೆ. ಅವರು ನಾನು ಕೇಳುವ ಮೊದಲೇ ಹೇಳಿದರು.

"ಅಮಾಸಿ ಪೂಜಿ ದಿನ ಆ ಬಿಂದಿ ನಾನ ಹಚ್ಚೀನ್ರಿ ಅಣ್ಣಾರ. ಆ ಲೈಟು ಕಂಡ್ರ ಇವರು ಗಾಡಿ ಬದಿಗೆ ಹಾಕಿ ಕುಂತುಬಿಡ್ತಾರ. ಬೆವರತಾರ, ತಮ್ಮನ್ನ ತಾವ ಬೈಕೋತಾರ. ಒಂದಿನ ಅತ್ತರು. ನಂಗ ಆ ಹೊತ್ತಿಗೆ ಮನಿ ಮುಟ್ಟಿ ಅಡ್ಡಾದ್ರ ಸಾಕಾಗಿರತೈತಿ. ಲೈಟು ಕಾಣಲಿಲ್ಲಂದ್ರ ಸುಮ್ಮನ ಹೊಡೀತಾರ ಅಂತ... ಗಾಡಿ ನಿಂದರತೈತಿ ಅಂತ ಗೊತ್ತಿರಲಿಲ್ರಿ. ಅವರಿಗೆ ಹೇಳಬ್ಯಾಡ್ರಿ."

ನನಗೆ ಸುಸ್ತಾಯಿತು. ಬಿಸಿಲಿಗೋ ವಯಸ್ಸಿಗೋ ಎಂದು ಆಗ ತಿಳಿಯಲಿಲ್ಲ. ಒಬ್ಬರ ಮೇಲೊಬ್ಬರಿಗೆ ಇಷ್ಟು ಜೀವ. ಆ ಜೀವದಿಂದಲೇ ಒಬ್ಬರು ತಂತಿ ಕತ್ತರಿಸಿದ್ದರು, ಇನ್ನೊಬ್ಬರು ದೀಪ ಮುಚ್ಚಿದ್ದರು. ಈಗ ಇಬ್ಬರೂ ನನಗೆ ಬಾಯಿ ಮುಚ್ಚಲು ಹೇಳುತ್ತಿದ್ದರು. ಜಾಯಿಂಟನ್ನು ತಾತ್ಕಾಲಿಕವಾಗಿ ಬಿಗಿದು, ಫ್ಯಾನಿನ ತಂತಿ ಕಿತ್ತು, ಚಿಗಟೇರಿಗೆ ಅವರ ಜೊತೆಯೇ ಹೋದೆ. ಇಲಿ ಕಡಿದಿತ್ತು ಎಂದು ಹೇಳಿ ಕೈ ತೊಳೆದುಕೊಳ್ಳಲು ನನಗೇನೂ ಕಷ್ಟವಿರಲಿಲ್ಲ. ಜನರನ್ನು ನೋಯಿಸದ ಸುಳ್ಳು ಒಳ್ಳೆಯದು ಎಂದು ದೊಡ್ಡವರೂ ಹೇಳುತ್ತಾರೆ. ಆದರೆ ಈ ಇಬ್ಬರು ಹೀಗೇ ಒಬ್ಬರಿಗೊಬ್ಬರು ಮುಚ್ಚಿಡುತ್ತ ಹೋದರೆ ಆ ಕಾರು ಮತ್ತೊಮ್ಮೆ ನಡುದಾರಿಯಲ್ಲಿ ನಿಲ್ಲುತ್ತದೆ. ಆ ದಿನ ಹಾಲಿನ ವ್ಯಾನು ಬರುತ್ತದೆ ಎಂದು ಏನು ಖಾತ್ರಿ?

ಮನೆಯಂಗಳದಲ್ಲಿ ಕಾರು ನಿಂತಿತು. ನೀಲಮ್ಮನವರು ಕಟ್ಟೆಯ ನೆರಳಿನ ಹೊರಸಿನ ಮೇಲೆ ಒರಗಿಕೊಂಡರು. ಕೊಟ್ರಪ್ಪನವರು ಚಹಾ ಇಡಲು ಒಳಗೆ ಹೊರಟಿದ್ದರು, ನಿಲ್ಲಿ ಎಂದೆ.

"ಇಬ್ಬರೂ ಕೇಳ್ರಿ. ಇಲಿ ಕಡದಿಲ್ಲ. ಪಂಪಿನ ವಯರಿಗೆ ಫ್ಯಾನ್ ಜೋಡಿಸಿದ್ದಕ್ಕ ಗಾಡಿ ನಿಂತಿತು, ಅದನ್ನ ಮಾಡಿದವರು ಕೊಟ್ರಪ್ಪಣ್ಣ. ಲೈಟು ಮೂರು ವಾರದಿಂದ ಹತ್ತತಾನ ಇತ್ತು, ಅದರ ಮ್ಯಾಲ ಬಿಂದಿ ಹಚ್ಚಿದವರು ಅಕ್ಕಾರು. ಎರಡನ್ನೂ ಕಣ್ಣ ಮುಂದ ಇಟ್ಕೊಂಡು ನೋಡಲಾರದವ ನಾನು. ಮೂವರೂ ಕೂಡಿ ಆ ಏರಿನ್ಯಾಗ ನಿಂದ್ರಿಸೀವಿ. ಬೈಯೋದಿದ್ರ ಈಗ ಬೈರಿ."

ಯಾರೂ ಬೈಯಲಿಲ್ಲ. ಕೊಟ್ರಪ್ಪನವರು ಹೆಂಡತಿಯತ್ತ ನೋಡದೆ ಕಟ್ಟೆಯ ತುದಿಯಲ್ಲಿ ಕೂತು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತಲೇ ಇದ್ದರು. ನಾನು ಹೇಳಬಾರದಿತ್ತೇನೋ ಅನ್ನಿಸಿತು. ಹೇಳಿದ್ದನ್ನು ನುಂಗಲಾಗುವುದಿಲ್ಲ. ಕೆಲಸವನ್ನಾದರೂ ಮುಗಿಸೋಣ ಎಂದು ಫ್ಯಾನನ್ನು ಸೀಟಿನಿಂದ ಬಿಚ್ಚತೊಡಗಿದೆ.

"ಅದನ್ನ ತಗೀಬ್ಯಾಡ್ರಿ" ಅಂದರು ನೀಲಮ್ಮನವರು. "ಅದು ಇದ್ದದ್ದಕ್ಕ ನಾನು ಮನಿ ತನಕ ಬರ್ತೀನಿ."

ನಾನು ಬಿಚ್ಚಿದ ಸ್ಕ್ರೂ ಮತ್ತೆ ತಿರುಗಿಸಿದೆ. ಪಂಪಿನ ತಂತಿಯನ್ನು ಬೆಸುಗೆ ಹಾಕಿ ಮೊದಲಿನಂತೆ ಮಾಡಿದೆ. ಫ್ಯಾನಿಗೆ ಬ್ಯಾಟರಿಯಿಂದಲೇ ಬೇರೆ ತಂತಿ ಎಳೆದೆ, ನಡುವೆ ಫ್ಯೂಸ್ ಇಟ್ಟೆ, ಸೀಟು ಎಷ್ಟು ಹಿಂದೆ ಹೋದರೂ ಬಿಗಿಯದಂತೆ ಒಂದು ಮೊಳ ಸಡಿಲ ಬಿಟ್ಟೆ. ಕೊನೆಗೆ ಫ್ಯಾನಿನ ಹತ್ತಿರದ ಜಾಯಿಂಟ್ ಒಂದು ಉಳಿಯಿತು. ಮೊಣಕಾಲು ನೋಯುತ್ತಿತ್ತು. ಅದಕ್ಕೋ ಇನ್ನೇತಕ್ಕೋ, ತಂತಿಯ ತುದಿಗಳನ್ನು ಕೊಟ್ರಪ್ಪನವರ ಕಡೆ ಚಾಚಿದೆ.

"ಇದನ್ನ ನೀವ ಹಾಕ್ರಿ."

ಅವರು ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡರು. "ಬ್ಯಾಡ್ರಿ ಸಾಬ್ರ. ಈ ಕೈ ಇನ್ನ ಬ್ಯಾಡ. ನೀವ ಹಾಕಿಬಿಡ್ರಿ."

ನಾನು ತಂತಿ ಚಾಚಿಕೊಂಡೇ ಇದ್ದೆ. ಹೊರಸಿನ ಮೇಲಿದ್ದ ನೀಲಮ್ಮನವರು ಪಟ್ಟಿ ಸುತ್ತಿದ ಕೈಯನ್ನು ಎದೆಗೆ ಆನಿಸಿಕೊಂಡು ಮೆಲ್ಲಗೆ ಎದ್ದು ಬಂದರು. ಕಾರಿನ ಬಾಗಿಲು ಹಿಡಿದು ನಿಂತು, ಗಂಡನಿಗೆ ಹೇಳಿದರು:

"ಹಾಕ್ರಿ. ಗುರುವಾರ ಆ ಸೀಟಿನ ಮ್ಯಾಲ ಮಲಗಾಕಿ ನಾನು."

ಕೊಟ್ರಪ್ಪನವರು ಕೈಗಳನ್ನು ಧೋತರಕ್ಕೆ ಒರೆಸಿಕೊಂಡು ಕಾರಿನ ಪಕ್ಕ ಮಂಡಿಯೂರಿದರು. ನಾನು ತಂತಿ ಹಿಡಿದುಕೊಂಡೆ.